ಸಭೆ ಒಡೆದಾಗ ಕಟ್ಟಡ ಯಾರ ಪಾಲಿಗೆ?

2024ರ ಮೇ 1ರಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲಟ್ ನಗರದಲ್ಲಿ ಯುನೈಟೆಡ್ ಮೆಥೋಡಿಸ್ಟ್ ಚರ್ಚಿನ ಮಹಾಸಭೆ ನಡೆಯುತ್ತಿತ್ತು. ಹೆಚ್ಚು ತಕರಾರಿಲ್ಲದ ಠರಾವುಗಳನ್ನೆಲ್ಲ ಒಂದು ಕಂತೆ ಕಟ್ಟಿ ಒಟ್ಟಿಗೇ ಮತಕ್ಕೆ ಹಾಕುವ ಪದ್ಧತಿ ಅಲ್ಲಿದೆ. ಅಂದಿನ ಕಂತೆಗೆ ಪರವಾಗಿ 692, ವಿರುದ್ಧವಾಗಿ 51 ಮತ ಬಿದ್ದವು. ಚರ್ಚೆ ಆಗಲಿಲ್ಲ, ಯಾರೂ ಭಾಷಣ ಮಾಡಲಿಲ್ಲ. ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಕೊಡಕೂಡದೆಂದು 1984ರಿಂದ ಜಾರಿಯಲ್ಲಿದ್ದ ನಿಷೇಧವನ್ನು ತೆಗೆದುಹಾಕುವ ಠರಾವು ಆ ಕಂತೆಯೊಳಗಿತ್ತು. ನಲವತ್ತು ವರ್ಷ ಚರ್ಚನ್ನು ಹಿಂಡಿದ ನಿಯಮ ಹೀಗೆ ನಿಮಿಷಗಳಲ್ಲಿ ರದ್ದಾಯಿತು.

ಇದಕ್ಕೆ ಐದೇ ವರ್ಷ ಮೊದಲು, 2019ರ ಫೆಬ್ರುವರಿಯಲ್ಲಿ, ಇದೇ ಮಹಾಸಭೆ ಸೇಂಟ್ ಲೂಯಿಸ್ ನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೇರಿ ಅದೇ ನಿಷೇಧವನ್ನು 438–384 ಮತಗಳಿಂದ ಇನ್ನಷ್ಟು ಬಿಗಿ ಮಾಡಿತ್ತು. ಐದು ವರ್ಷದಲ್ಲಿ ಇಷ್ಟೊಂದು ಜನರಿಗೆ ಹೃದಯ ಪರಿವರ್ತನೆ ಆಯಿತೇ ಎಂದು ಕೇಳಿದರೆ, ಕೆಲವರಿಗೆ ಆಗಿರಬಹುದು. ಆದರೆ ಮುಖ್ಯವಾಗಿ ಬದಲಾದದ್ದು ಸಭಾಂಗಣದಲ್ಲಿ ಕೂತವರು ಯಾರು ಎಂಬುದು. ನಿಷೇಧ ಇರಲೇಬೇಕೆಂದು ಪಟ್ಟು ಹಿಡಿದಿದ್ದವರಲ್ಲಿ ದೊಡ್ಡದೊಂದು ಪಾಲು ಅಷ್ಟರಲ್ಲಿ ಚರ್ಚನ್ನೇ ಬಿಟ್ಟು ಹೋಗಿತ್ತು. ಅವರು ಯಾಕೆ ಅಷ್ಟು ಹೊತ್ತು ಕಾದರು, ಯಾಕೆ ಆ ಹೊತ್ತಿಗೇ ಹೊರಟರು ಎಂಬುದಕ್ಕೆ ಉತ್ತರ ಸತ್ಯವೇದದಲ್ಲಿ ಸಿಗುವುದಿಲ್ಲ, ಆಸ್ತಿಯ ದಸ್ತಾವೇಜಿನಲ್ಲಿ ಸಿಗುತ್ತದೆ.

ಯುನೈಟೆಡ್ ಮೆಥೋಡಿಸ್ಟ್ ಚರ್ಚ್ ಈಗಿನ ರೂಪಕ್ಕೆ ಬಂದದ್ದು 1968ರಲ್ಲಿ, ಡಲ್ಲಾಸ್‌ನಲ್ಲಿ ಎರಡು ಪಂಗಡಗಳು ಒಂದಾದಾಗ. ಒಡಕಿನ ಮುಂಚೆ ಅಮೆರಿಕದಲ್ಲಿಯೇ ಸುಮಾರು 30,000 ಸ್ಥಳೀಯ ಸಭೆಗಳಿದ್ದವು. ಜಾರ್ಜ್ ಡಬ್ಲ್ಯೂ. ಬುಷ್ ಈ ಚರ್ಚಿನವರು, ಹಿಲರಿ ಕ್ಲಿಂಟನ್ ಕೂಡ ಈ ಚರ್ಚಿನವರೇ. ಅವರಿಬ್ಬರೂ ಒಂದೇ ಸೂರಿನಡಿ ಪ್ರಾರ್ಥನೆ ಮಾಡಬಹುದಿತ್ತು ಎಂಬುದೇ ಅದರ ಬಲವೂ ಹೌದು, ಬಿರುಕು ಬಿಡಲು ಕಾರಣವೂ ಹೌದು. ಅಮೆರಿಕದ ರಾಜಕೀಯ ಎರಡಾಗಿ ಸೀಳುತ್ತ ಹೋದಾಗ ಎರಡೂ ಕಡೆಯವರು ತುಂಬಿದ್ದ ಚರ್ಚಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಜಗಳದ ಬೀಜ ಬಿದ್ದದ್ದು 1972ರ ಅಟ್ಲಾಂಟ ಮಹಾಸಭೆಯಲ್ಲಿ. ಹೊಸ ಚರ್ಚಿನ ಸಾಮಾಜಿಕ ತತ್ವಗಳ ಕರಡು ಬಂದಿತ್ತು. ಸಲಿಂಗಿಗಳೂ ದೇವರ ದೃಷ್ಟಿಯಲ್ಲಿ ಬೆಲೆಯುಳ್ಳ ಮನುಷ್ಯರು, ಅವರ ನಾಗರಿಕ ಹಕ್ಕುಗಳನ್ನು ಕಾಪಾಡಬೇಕು ಎಂಬ ಧಾಟಿಯಲ್ಲಿ ಅದು ಇತ್ತು. ಟೆಕ್ಸಸ್‌ನ ಪ್ರತಿನಿಧಿಯೊಬ್ಬರು ಎದ್ದುನಿಂತು ತಿದ್ದುಪಡಿ ಸೂಚಿಸಿದರು: ಸಲಿಂಗ ಸಂಬಂಧವನ್ನು ನಾವು ಒಪ್ಪುವುದಿಲ್ಲ, ಅದು ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ. ಅಂಗೀಕಾರವೂ ಆಯಿತು. ಸಭೆಯ ನಡುವೆ ಸೇರಿಸಿದ ಆ ಸಾಲು ಐವತ್ತೆರಡು ವರ್ಷ ಉಳಿಯಿತು. 1984ರಲ್ಲಿ ಅದರ ಮೇಲೆ ದೀಕ್ಷೆಯ ನಿಷೇಧ ಕಟ್ಟಿದರು, 1996ರಲ್ಲಿ ಸಲಿಂಗ ಜೋಡಿಗಳ ವಿವಾಹವಿಧಿ ಪಾದ್ರಿಗಳು ನಡೆಸಕೂಡದೆಂದರು. ನಾಲ್ಕು ವರ್ಷಕ್ಕೊಮ್ಮೆ ಮಹಾಸಭೆ ಸೇರುವುದು, ನಿಷೇಧ ತೆಗೆಯಬೇಕೆಂಬ ಠರಾವು ಬರುವುದು, ಅದು ಸೋಲುವುದು ಒಂದು ವಾಡಿಕೆಯಾಗಿಬಿಟ್ಟಿತು.

ಶಾಸ್ತ್ರದ ವಾದವನ್ನು ಇಲ್ಲಿ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲ ಪಂಗಡಗಳಲ್ಲೂ ಹೆಚ್ಚುಕಡಿಮೆ ಒಂದೇ. ಸಂಪ್ರದಾಯದ ಕಡೆಯವರು ಯಾಜಕಕಾಂಡದ 18 ಮತ್ತು 20ನೇ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಆರನೇ ಅಧ್ಯಾಯ ತೆರೆದಿಡುತ್ತಾರೆ. ಮದುವೆ ಎಂದರೆ ಗಂಡುಹೆಣ್ಣಿನದು ಎಂದು ಆದಿಕಾಂಡದಿಂದಲೇ ಸ್ಪಷ್ಟವಾಗಿದೆ, ಎರಡು ಸಾವಿರ ವರ್ಷ ಎಲ್ಲ ಕ್ರೈಸ್ತರೂ ಹಾಗೇ ಓದಿದ್ದಾರೆ, ಈಗ ಬದಲಿಸಲು ನಾವು ಯಾರು ಎನ್ನುತ್ತಾರೆ. ಎದುರಿನವರು, ಇದೇ ಗ್ರಂಥದಿಂದ ಗುಲಾಮಗಿರಿಯನ್ನೂ ಸಮರ್ಥಿಸಿದ್ದಿರಿ, ಹೆಂಗಸರು ಸಭೆಯಲ್ಲಿ ಬಾಯಿ ತೆರೆಯಬಾರದೆಂದೂ ಹೇಳಿದ್ದಿರಿ, ಆಮೇಲೆ ಎರಡನ್ನೂ ಬಿಟ್ಟಿರಿ, 1956ರಲ್ಲಿ ಮಹಿಳೆಯರಿಗೆ ಪೂರ್ಣ ಪಾದ್ರಿ ಪದವಿ ಕೊಟ್ಟಿರಿ ಎಂದು ನೆನಪಿಸುತ್ತಾರೆ. ಒಂದು ಕಡೆಯವರನ್ನು ದ್ವೇಷಿಗಳೆಂದೂ ಇನ್ನೊಂದು ಕಡೆಯವರನ್ನು ಶ್ರದ್ಧೆಯಿಲ್ಲದವರೆಂದೂ ತಳ್ಳಿಹಾಕುವುದು ಸುಲಭ. ಆದರೆ ಎರಡೂ ಕಡೆ ತಮ್ಮ ಮಗನೋ ಮಗಳೋ ಸಲಿಂಗಿಯಾಗಿದ್ದವರು ಇದ್ದರು. ಇದು ಹೊರಗಿನವರ ಬಗ್ಗೆ ನಡೆದ ವಾದವಾಗಿರಲಿಲ್ಲ.

ಪೆನ್ಸಿಲ್ವೇನಿಯದ ಪಾದ್ರಿ ಫ್ರಾಂಕ್ ಶೇಫರ್ ತಮ್ಮ ಮಗನ ಮದುವೆಯನ್ನು 2007ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ತಾವೇ ನಡೆಸಿಕೊಟ್ಟರು. ವರ ಇನ್ನೊಬ್ಬ ವರನನ್ನು ಮದುವೆಯಾಗುತ್ತಿದ್ದ. ದೂರು ಕೊಡಲು ಚರ್ಚಿನ ನಿಯಮ ಆರು ವರ್ಷದ ಗಡುವು ಇಟ್ಟಿದೆ. ಗಡುವು ಮುಗಿಯಲು ಕೆಲವೇ ವಾರ ಇರುವಾಗ ಅವರ ಸಭೆಯವರೊಬ್ಬರು ದೂರು ಕೊಟ್ಟರು. 2013ರ ನವೆಂಬರಿನಲ್ಲಿ ವಿಚಾರಣೆ ನಡೆಯಿತು. ನಿಯಮಗ್ರಂಥವನ್ನು ಪೂರ್ತಿ ಪಾಲಿಸುತ್ತೇನೆಂದು ಮಾತು ಕೊಡಿ, ಇಲ್ಲವೇ ಪದವಿ ಬಿಡಿ ಎಂದರು. ಅವರು ಮಾತೂ ಕೊಡಲಿಲ್ಲ, ಬಿಡುವುದೂ ಇಲ್ಲವೆಂದರು. ಡಿಸೆಂಬರಿನಲ್ಲಿ ಪದವಿ ಕಿತ್ತುಕೊಂಡರು, ಮರುವರ್ಷ ಮೇಲ್ಮನವಿಯಲ್ಲಿ ಹಿಂದಿರುಗಿಸಿದರು.

ಬೆತ್ ಸ್ಟ್ರೌಡ್ ಅವರದು ಇನ್ನೂ ದೀರ್ಘ ಕಥೆ. ಫಿಲಡೆಲ್ಫಿಯದ ಜರ್ಮನ್‌ಟೌನ್‌ನಲ್ಲಿ ಸಹ ಸಭಾಪಾಲಕಿಯಾಗಿದ್ದ ಅವರು 2003ರ ವಸಂತದ ಒಂದು ಭಾನುವಾರ ಪ್ರಸಂಗಪೀಠದಿಂದಲೇ, ತಾನೊಬ್ಬ ಹೆಣ್ಣಿನೊಂದಿಗೆ ಬದುಕುತ್ತಿದ್ದೇನೆ ಎಂದು ಹೇಳಿದರು. ಅದರ ಪರಿಣಾಮ ಏನೆಂದು ಅವರಿಗೆ ಗೊತ್ತಿತ್ತು. 2004ರ ಡಿಸೆಂಬರಿನಲ್ಲಿ 13 ಪಾದ್ರಿಗಳ ಪಂಚಾಯ್ತಿ ಕೂತಿತು. ತಪ್ಪಿತಸ್ಥೆ ಎಂದವರು 12, ಅಲ್ಲವೆಂದವರು ಒಬ್ಬರು. ಪದವಿ ಕಿತ್ತುಕೊಳ್ಳಬೇಕೇ ಎಂದಾಗ ಮಾತ್ರ ಮತ 7–6 ಆಯಿತು. ಆ ಅಂಕಿಯೇ ಪಂಚಾಯ್ತಿಯವರ ಸಂಕಟವನ್ನು ಹೇಳುತ್ತದೆ. ನಿಯಮ ಮುರಿದದ್ದರಲ್ಲಿ ಅನುಮಾನವಿಲ್ಲ, ಶಿಕ್ಷಿಸಲು ಕೈ ಬರುತ್ತಿಲ್ಲ. ಸ್ಟ್ರೌಡ್ ಅವರ ಸಭೆಯವರು ಅವರನ್ನು ಕಳಿಸಲಿಲ್ಲ, ಪಾದ್ರಿಯಲ್ಲದ ಸೇವಕಿಯಾಗಿ ಇಟ್ಟುಕೊಂಡರು. ಪ್ರಸಂಗ ಮಾಡಬಹುದಿತ್ತು, ಕಾಯಿಲೆಯವರನ್ನು ನೋಡಿಬರಬಹುದಿತ್ತು. ಮಗುವಿಗೆ ದೀಕ್ಷಾಸ್ನಾನ ಮಾಡಿಸುವಂತಿರಲಿಲ್ಲ, ಕರ್ತನ ಭೋಜನ ನಡೆಸುವಂತಿರಲಿಲ್ಲ. ಮೇಲ್ಮನವಿ ಸಮಿತಿಯೊಂದು ಅವರ ಪರ ತೀರ್ಪು ಕೊಟ್ಟಿತು, ಚರ್ಚಿನ ಪರಮೋಚ್ಚ ನ್ಯಾಯಮಂಡಳಿ 2005ರಲ್ಲಿ ಅದನ್ನು ತಳ್ಳಿಹಾಕಿತು.

ಅಮೆರಿಕದ ಒಳಗೆ ಇಂಥ ವಿಚಾರಣೆಗಳ ಬಗ್ಗೆ ಬೇಸರ ಬೆಳೆಯುತ್ತಿದ್ದರೂ ಮಹಾಸಭೆಯಲ್ಲಿ ನಿಯಮ ಯಾಕೆ ಬದಲಾಗಲಿಲ್ಲ? ಇತರ ಅಮೆರಿಕನ್ ಪಂಗಡಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಎಪಿಸ್ಕೋಪಲ್, ಲೂಥರನ್, ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಮತ ಹಾಕುವವರು ಬಹುತೇಕ ಅಮೆರಿಕನ್ನರೇ. ಯುನೈಟೆಡ್ ಮೆಥೋಡಿಸ್ಟ್ ಮಹಾಸಭೆಯಲ್ಲಿ ಕಾಂಗೋ, ನೈಜೀರಿಯ, ಲೈಬೀರಿಯ, ಜಿಂಬಾಬ್ವೆ, ಫಿಲಿಪ್ಪೀನ್ಸ್‌ಗಳ ಪ್ರತಿನಿಧಿಗಳಿಗೂ ಸಮಾನ ಮತವಿದೆ, ಸದಸ್ಯಬಲಕ್ಕೆ ತಕ್ಕ ಹಾಗೆ ಸೀಟು. ಅಮೆರಿಕದಲ್ಲಿ ಸದಸ್ಯರು ವರ್ಷ ವರ್ಷ ಕಡಿಮೆಯಾಗುತ್ತ ಹೋದರು, ಆಫ್ರಿಕದಲ್ಲಿ ಏರುತ್ತ ಹೋದರು. ಅಮೆರಿಕದ ದಕ್ಷಿಣದ ಸಂಪ್ರದಾಯವಾದಿಗಳೂ ಆಫ್ರಿಕದ ಪ್ರತಿನಿಧಿಗಳೂ ಸೇರಿದರೆ ಬಹುಮತ. 2019ರ 438 ಮತ ಅದೇ ಲೆಕ್ಕ. ಆಫ್ರಿಕದವರಿಗೆ ಮತದ ಹಕ್ಕು ಕೊಟ್ಟದ್ದು ವಸಾಹತು ಮನೋಭಾವ ಬಿಟ್ಟ ಪ್ರಗತಿಪರರ ಹೆಮ್ಮೆಯೂ ಆಗಿತ್ತು ಎಂಬುದನ್ನು ಮರೆಯಬಾರದು. ಆ ಮತ ತಮಗೆ ವಿರುದ್ಧ ಬಿದ್ದಾಗ ಅವರಿಗಾದ ಇರಿಸುಮುರಿಸು ಅಂದಿನ ಭಾಷಣಗಳಲ್ಲಿ ಕೇಳುತ್ತಿತ್ತು.

ಹಾಗಾದರೆ ಗೆದ್ದವರೇ ಯಾಕೆ ಹೊರಟರು? ಏಕೆಂದರೆ ಗೆದ್ದ ನಿಯಮವನ್ನು ಅಮೆರಿಕದಲ್ಲಿ ಜಾರಿ ಮಾಡುವವರಿರಲಿಲ್ಲ. ಪಶ್ಚಿಮದ ರಾಜ್ಯಗಳು 2016ರಲ್ಲೇ ಕ್ಯಾರನ್ ಓಲಿವೆಟೊ ಎಂಬ ಸಲಿಂಗಿ ಮಹಿಳೆಯನ್ನು ಬಿಷಪ್ ಆಗಿ ಆರಿಸಿದ್ದವು. ಅದು ನಿಯಮಬಾಹಿರ ಎಂದು ನ್ಯಾಯಮಂಡಳಿ ಹೇಳಿತು, ಆದರೂ ಅವರು ಹುದ್ದೆಯಲ್ಲೇ ಮುಂದುವರಿದರು. ಹಲವು ಬಿಷಪ್ಪರು ಇನ್ನು ವಿಚಾರಣೆ ನಡೆಸುವುದಿಲ್ಲವೆಂದರು. ಕಾಗದದ ಮೇಲಿನ ಗೆಲುವಿಗಿಂತ ತಮ್ಮದೇ ಚರ್ಚ್ ಲೇಸೆಂದು ಸಂಪ್ರದಾಯವಾದಿಗಳಿಗೆ ಅನ್ನಿಸಿತು. ಹೊರಡಲು ಅಡ್ಡವಿದ್ದದ್ದು ಒಂದೇ: ಕಟ್ಟಡ.

ಈ ಕಥೆ ಮೆಥೋಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿಯವರಷ್ಟು ಹಳೆಯದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಊರೂರಿನ ಭಕ್ತರು ದುಡ್ಡು ಹಾಕಿ ಪ್ರಾರ್ಥನಾ ಮಂದಿರ ಕಟ್ಟುತ್ತಿದ್ದರು. ಊರಿನ ಧರ್ಮದರ್ಶಿಗಳು ನಾಳೆ ಬೇರೆ ಬೋಧಕನನ್ನು ತಂದು ಕೂರಿಸಿದರೆ, ತಾವು ಕಟ್ಟಿದ ಚಳವಳಿ ಚೂರುಚೂರಾಗುತ್ತದೆಂಬ ಭಯ ವೆಸ್ಲಿಯವರಿಗಿತ್ತು. 1763ರಲ್ಲಿ ಅವರು ಒಂದು ಮಾದರಿ ಪತ್ರ ಬರೆದರು: ಕಟ್ಟಡ ಸ್ಥಳೀಯರ ಹೆಸರಿನಲ್ಲಿದ್ದರೂ ಅದು ಒಟ್ಟು ಮೆಥೋಡಿಸ್ಟರ ಪರವಾಗಿ ಇಟ್ಟುಕೊಂಡ ನ್ಯಾಸ, ತಮ್ಮ ಬೋಧನೆಗೆ ಒಪ್ಪುವ ಬೋಧಕರಿಗೆ ಮಾತ್ರ ಅಲ್ಲಿ ಜಾಗ. ಈ ಷರತ್ತು ಅಮೆರಿಕಕ್ಕೂ ಹೋಯಿತು. ಇಂದಿಗೂ ಟೆಕ್ಸಸ್‌ನ ಹಳ್ಳಿಯ ಮೆಥೋಡಿಸ್ಟ್ ಚರ್ಚಿನ ಕ್ರಯಪತ್ರದಲ್ಲಿ ಅದೇ ಷರತ್ತು ಇರುತ್ತದೆ. ತಾತ ಮುತ್ತಾತ ಸೌದೆ ಹೊತ್ತು ಕಟ್ಟಿದ ಚರ್ಚಿರಬಹುದು, ಹಿಂದಿನ ಸ್ಮಶಾನದಲ್ಲಿ ಅವರೇ ಮಲಗಿರಬಹುದು. ಪಂಗಡ ಬಿಡುತ್ತೇವೆಂದರೆ ಕೀಲಿಕೈ ಕೊಟ್ಟು ಹೋಗಬೇಕು. ಕೂಡುಕುಟುಂಬ ಬಿಟ್ಟುಹೋಗುವ ಮಗನಿಗೆ ಪಾಲು ಕೇಳುವ ಹಕ್ಕಿದೆ. ಇವರಿಗೆ ಅದೂ ಇರಲಿಲ್ಲ.

ಮೆಥೋಡಿಸ್ಟರು ಹಿಂದೆಯೂ ಒಮ್ಮೆ ಪಾಲು ಹಂಚಿಕೊಂಡಿದ್ದಾರೆ. ಜಾರ್ಜಿಯದ ಬಿಷಪ್ ಜೇಮ್ಸ್ ಆ್ಯಂಡ್ರೂ ಗುಲಾಮರ ಒಡೆಯರಾಗಿದ್ದರು. ಆ ಕಾರಣಕ್ಕೆ 1844ರ ಮಹಾಸಭೆಯಲ್ಲಿ ಉತ್ತರದವರು ಅವರನ್ನು ಕೆಲಸ ನಿಲ್ಲಿಸಿ ಎಂದರು, ದಕ್ಷಿಣದವರು ಬೇರೆಯಾದರು. ಬೇರ್ಪಡಿಕೆಯ ಒಪ್ಪಂದವನ್ನು ಅದೇ ಸಭೆ ಬರೆದಿತ್ತು, ಆದರೆ ಪುಸ್ತಕ ಪ್ರಕಾಶನ ಸಂಸ್ಥೆಯ ಲಾಭ ಯಾರಿಗೆ ಎಂಬಲ್ಲಿ ಜಗಳ ಹತ್ತಿತು. ಅಮೆರಿಕದ ಸುಪ್ರೀಂ ಕೋರ್ಟ್ ವರೆಗೆ ಹೋದ ಆ ವ್ಯಾಜ್ಯದಲ್ಲಿ ದಕ್ಷಿಣದವರಿಗೂ ಪಾಲು ಸಿಗಬೇಕೆಂದು 1854ರಲ್ಲಿ ತೀರ್ಪಾಯಿತು. ಮತ್ತೆ ಒಂದಾಗಲು 1939 ಬರಬೇಕಾಯಿತು.

ಈ ಸಲದ ಮೊದಲ ಪ್ರಯತ್ನ ಇನ್ನೂ ಸೌಮ್ಯವಾಗಿತ್ತು. ಸಿಯೆರಾ ಲಿಯೋನ್‌ನ ಬಿಷಪ್ ಜಾನ್ ಯಂಬಾಸು ಎರಡೂ ಬಣಗಳನ್ನು ಮಾತಿಗೆ ಕೂರಿಸಿದರು. ನ್ಯೂಯಾರ್ಕ್ ಅವಳಿ ಗೋಪುರ ದಾಳಿಯ ಸಂತ್ರಸ್ತರಿಗೆ ಪರಿಹಾರ ಹಂಚಿದ್ದ ವಕೀಲ ಕೆನೆತ್ ಫೈನ್‌ಬರ್ಗ್ ಮಧ್ಯಸ್ಥರಾದರು. 2020ರ ಜನವರಿಯಲ್ಲಿ ಒಪ್ಪಂದ ಹೊರಬಿತ್ತು: ಸಂಪ್ರದಾಯವಾದಿಗಳು ಹೊಸ ಪಂಗಡ ಕಟ್ಟಲಿ, ಕಟ್ಟಡ ಒಯ್ಯಲಿ, ಜೊತೆಗೆ 2.5 ಕೋಟಿ ಡಾಲರ್. ಮೇ ತಿಂಗಳ ಮಹಾಸಭೆಯಲ್ಲಿ ಮತಕ್ಕೆ ಬರಬೇಕಿತ್ತು. ಕೊರೊನಾ ಬಂತು, ಮಹಾಸಭೆ ಮುಂದೆ ಹೋಯಿತು. ಆಗಸ್ಟಿನಲ್ಲಿ ಯಂಬಾಸು ಕಾರು ಅಪಘಾತದಲ್ಲಿ ತೀರಿಕೊಂಡರು. ಮಹಾಸಭೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ ಒಪ್ಪಂದದ ಕಾವು ಆರಿತು, ಸಹಿ ಹಾಕಿದವರೇ ಕೈಬಿಟ್ಟರು.

ಉಳಿದದ್ದು 2019ರಲ್ಲಿ ಸೇರಿಸಿದ 2553ನೇ ಕಲಂ. ಸಲಿಂಗ ವಿಚಾರದಲ್ಲಿ ಮನಸ್ಸಾಕ್ಷಿ ಒಪ್ಪದ ಸಭೆ ಕಟ್ಟಡ ಸಮೇತ ಹೊರಹೋಗಬಹುದು, 2023ರ ಡಿಸೆಂಬರ್ 31ರೊಳಗೆ. ಸಭೆಗೆ ಬಂದ ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಪ್ರಾಂತಕ್ಕೆ ಕೊಡುವ ಎರಡು ವರ್ಷದ ವಂತಿಗೆಯನ್ನೂ ಪಾದ್ರಿಗಳ ಪಿಂಚಣಿ ಬಾಕಿಯಲ್ಲಿ ತಮ್ಮ ಪಾಲನ್ನೂ ಕಟ್ಟಬೇಕು. ಗಡುವು ಹತ್ತಿರವಾದಂತೆ ಟೆಕ್ಸಸ್, ಅಲಬಾಮ, ಜಾರ್ಜಿಯ, ನಾರ್ತ್ ಕೆರೊಲಿನಾಗಳಲ್ಲಿ ಚರ್ಚಿನ ಹಜಾರಗಳು ಮತಗಟ್ಟೆಗಳಾದವು. ನೂರು ಜನ ಸೇರಿದ ಸಭೆಯಲ್ಲಿ 66 ಜನ ಹೋಗೋಣ ಎಂದರೆ ಉಳಿಯಬೇಕು, 67 ಎಂದರೆ ಹೋಗಬೇಕು. ಎರಡರಲ್ಲೂ ಮೂವತ್ತಕ್ಕೂ ಹೆಚ್ಚು ಜನ ಮರುವಾರದಿಂದ ತಮ್ಮದಲ್ಲದ ಚರ್ಚಿನಲ್ಲಿ ಕೂರಬೇಕು, ಇಲ್ಲವೇ ಹೊಸ ಸೂರು ಹುಡುಕಬೇಕು. ಸಲಿಂಗಿಗಳ ಬಗ್ಗೆ ಒಂದು ಮಾತೂ ಆಡದವರು ಕೂಡ ಈಗ ಹೋಗದಿದ್ದರೆ ಮುಂದೆ ಕಟ್ಟಡ ಸಿಗುವುದಿಲ್ಲ ಎಂಬ ಲೆಕ್ಕದಿಂದ ಕೈ ಎತ್ತಿದ್ದಿದೆ. ಬಾಗಿಲು ಮುಚ್ಚುವ ಹೊತ್ತಿಗೆ 7,600ಕ್ಕೂ ಹೆಚ್ಚು ಸಭೆಗಳು ಹೊರಟಿದ್ದವು, ಅಂದರೆ ಅಮೆರಿಕದಲ್ಲಿದ್ದವುಗಳಲ್ಲಿ ನಾಲ್ಕರಲ್ಲೊಂದು. ಹಲವು ಸಭೆಗಳು 2022ರ ಮೇ 1ರಂದು ಶುರುವಾದ ಗ್ಲೋಬಲ್ ಮೆಥೋಡಿಸ್ಟ್ ಚರ್ಚನ್ನು ಸೇರಿದವು, ಕೆಲವು ಯಾರ ಹಂಗೂ ಬೇಡವೆಂದು ಸ್ವತಂತ್ರವಾದವು. ಸಂಪ್ರದಾಯದ ಹೆಸರಿನಲ್ಲಿ ಹುಟ್ಟಿದ ಆ ಹೊಸ ಚರ್ಚು ವೆಸ್ಲಿಯವರ ಆಸ್ತಿ ಷರತ್ತನ್ನು ಮಾತ್ರ ಬಿಟ್ಟುಬಿಟ್ಟಿದೆ. ಅಲ್ಲಿ ಕಟ್ಟಡ ಸ್ಥಳೀಯ ಸಭೆಯದೇ. ಬಿಸಿಹಾಲು ಕುಡಿದ ಬೆಕ್ಕುಗಳು!

ಇಷ್ಟೆಲ್ಲ ಆದ ಮೇಲೆ ಶಾರ್ಲಟ್ ಸಭೆ. 692ರ ಹಿಂದಿನ ಲೆಕ್ಕ ಈಗ ಅರ್ಥವಾಗುತ್ತದೆ. ಮೇ 2ರಂದು 1972ರ ಸಾಲೂ 523–161 ಮತಗಳಿಂದ ಹೋಯಿತು. ಮದುವೆಯ ಹೊಸ ವಿವರಣೆಯಲ್ಲಿ ಮಾತ್ರ ಜಾಣತನದ ಒಂದು ತಿದ್ದುಪಡಿ ಬಂತು, ಅದನ್ನು ತಂದವರು ಜಿಂಬಾಬ್ವೆಯ ಪ್ರತಿನಿಧಿ. ಇಬ್ಬರು ವಿಶ್ವಾಸಿಗಳ ಒಡಂಬಡಿಕೆ ಎಂದಷ್ಟೇ ಬಿಡದೆ, ವಯಸ್ಕ ಗಂಡು ಮತ್ತು ಹೆಣ್ಣು, ಅಥವಾ ಇಬ್ಬರು ವಯಸ್ಕ ವ್ಯಕ್ತಿಗಳು ಎಂದು ಬರೆಸಿದರು. ಹರಾರೆಯವರು ಮೊದಲರ್ಧ ಓದಿಕೊಳ್ಳಬಹುದು, ಬಾಸ್ಟನ್‌ನವರು ಎರಡನೆಯದನ್ನು. ಮೂರು ವಾರಗಳ ಬಳಿಕ ಪೂರ್ವ ಪೆನ್ಸಿಲ್ವೇನಿಯದ ಪಾದ್ರಿಗಳು ಮತ ಹಾಕಿ ಬೆತ್ ಸ್ಟ್ರೌಡ್ ಅವರ ಪದವಿಯನ್ನು ಹಿಂದಿರುಗಿಸಿದರು. ಅಷ್ಟರಲ್ಲಿ ಅವರಿಗೆ 54 ವಯಸ್ಸು, ಚರಿತ್ರೆ ಓದಿ ಅಧ್ಯಾಪಕಿಯಾಗಿದ್ದರು.

ಆಂಗ್ಲಿಕನ್ನರ ದಾರಿ ಬೇರೆ, ನನ್ನ ಮಟ್ಟಿಗೆ ಹೆಚ್ಚು ಕಹಿಯಾದದ್ದು. 2003ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬಹಿರಂಗವಾಗಿ ಸಲಿಂಗಿಯಾಗಿದ್ದ ಜೀನ್ ರಾಬಿನ್‌ಸನ್ ಬಿಷಪ್ ಆಗಿ ಅಭಿಷೇಕವಾದಾಗ ಮೇಲಂಗಿಯೊಳಗೆ ಗುಂಡು ನಿರೋಧಕ ಕವಚ ತೊಟ್ಟಿದ್ದರು. ಇದನ್ನು ಒಪ್ಪದೆ ಬಿಟ್ಟುಹೋದ ಸಭೆಗಳಿಗೆ ಅಮೆರಿಕದ ಆಂಗ್ಲಿಕನ್ನರ ಎಪಿಸ್ಕೋಪಲ್ ಚರ್ಚು ಬೆಲೆಪಟ್ಟಿ ಕೊಡಲಿಲ್ಲ, ಕೋರ್ಟು ನೋಟಿಸು ಕೊಟ್ಟಿತು. ವರ್ಜೀನಿಯದ ಫಾಲ್ಸ್ ಚರ್ಚ್ ಎಂಬ ಸಭೆ, ಜಾರ್ಜ್ ವಾಷಿಂಗ್ಟನ್ ಆಡಳಿತ ಮಂಡಳಿಯಲ್ಲಿದ್ದ ಸಭೆ ಅದು, 2006ರಲ್ಲಿ ಹೊರಟಿತು. ವ್ಯಾಜ್ಯ ಮುಗಿದದ್ದು 2014ರಲ್ಲಿ, ಕಟ್ಟಡ ಕಳೆದುಕೊಂಡ ಬಳಿಕ. ಜಾಗತಿಕ ಮಟ್ಟದಲ್ಲಿ ಅವರಿಗೆ ಎಲ್ಲರನ್ನೂ ಕಟ್ಟುವ ಮಹಾಸಭೆಯೇ ಇಲ್ಲ, ಹಾಗಾಗಿ ಮತ ಹಾಕಿ ಬೇರೆಯಾಗುವ ವಿಧಾನವೂ ಇಲ್ಲ. 2025ರ ಅಕ್ಟೋಬರಿನಲ್ಲಿ ಸಾರಾ ಮಲ್ಲಾಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿ ಹೆಸರಿಸಲ್ಪಟ್ಟ ಎರಡೇ ವಾರದಲ್ಲಿ ಸಂಪ್ರದಾಯವಾದಿ ಗಾಫ್ಕಾನ್ ಒಕ್ಕೂಟ, ನಿಜವಾದ ಆಂಗ್ಲಿಕನ್ ಒಕ್ಕೂಟ ತಾನೇ ಎಂದು ಘೋಷಿಸಿಕೊಂಡಿತು.

ಕರ್ನಾಟಕಕ್ಕೆ ಇದರ ನಂಟೇನು ಎಂದರೆ, ನಮ್ಮಲ್ಲಿ ಮೆಥೋಡಿಸ್ಟರು ಎರಡು ಕವಲಿನವರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ ಪ್ರೆಸ್ ನಡೆಸಿ ವೃತ್ತಾಂತ ಪತ್ರಿಕೆ ಹೊರಡಿಸಿದವರು, ಬೆಂಗಳೂರಿನ ಹಡ್ಸನ್ ಚರ್ಚಿನವರು ಬ್ರಿಟಿಷ್ ಕವಲು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ಅದರಲ್ಲಿ ಸೇರಿಹೋದರು. ಬೀದರ್, ಕೋಲಾರದ ಕಡೆಯ ಮೆಥೋಡಿಸ್ಟ್ ಚರ್ಚುಗಳದು ಅಮೆರಿಕನ್ ಕವಲು. ಭಾರತದ ಮೆಥೋಡಿಸ್ಟ್ ಚರ್ಚ್ 1981ರಲ್ಲೇ ಸ್ವಾಯತ್ತವಾದ್ದರಿಂದ ಶಾರ್ಲಟ್‌ನ ನಿರ್ಣಯ ಬೀದರಿನ ಸಭೆಯನ್ನು ಕಟ್ಟಿಹಾಕುವುದಿಲ್ಲ. ಬ್ರಿಟನ್ನಿನ ಮೆಥೋಡಿಸ್ಟರು 2021ರಲ್ಲಿ 254–46 ಮತಗಳಿಂದ ಸಲಿಂಗ ಮದುವೆಗೆ ಒಪ್ಪಿದ್ದೂ ಸಿಎಸ್‌ಐಗೆ ಲಾಗೂ ಆಗುವುದಿಲ್ಲ. ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ನಿರಾಕರಿಸಿದ್ದರಿಂದ ನಮ್ಮ ಚರ್ಚುಗಳ ಮುಂದೆ ಮದುವೆಯ ಅರ್ಜಿ ಇಟ್ಟುಕೊಂಡು ನಿಲ್ಲುವ ಸಲಿಂಗ ಜೋಡಿಗೆ ಕಾನೂನಿನ ಆಸರೆಯೂ ಇಲ್ಲ.

ಒಡಕನ್ನು ಮುಂದೆ ತಪ್ಪಿಸಲು ಯುನೈಟೆಡ್ ಮೆಥೋಡಿಸ್ಟರು ಹಿಡಿದ ಉಪಾಯ ಪ್ರಾದೇಶೀಕರಣ. ಅಮೆರಿಕ, ಆಫ್ರಿಕ, ಯುರೋಪ್, ಫಿಲಿಪ್ಪೀನ್ಸ್ ತಮ್ಮ ತಮ್ಮ ಕಾನೂನು, ಸಂಸ್ಕೃತಿಗೆ ತಕ್ಕಂತೆ ದೀಕ್ಷೆ, ಮದುವೆಯ ನಿಯಮ ಮಾಡಿಕೊಳ್ಳಲಿ ಎಂಬುದು. ಶಾರ್ಲಟ್‌ನಲ್ಲಿ 586–164ರಿಂದ ಅಂಗೀಕಾರವಾಗಿ, ಪ್ರಾಂತಗಳ ಮತದಲ್ಲಿ ಶೇ 90ಕ್ಕೂ ಹೆಚ್ಚು ಬೆಂಬಲ ಪಡೆದು 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಒಬ್ಬರ ಬಹುಮತ ಇನ್ನೊಬ್ಬರ ಕುತ್ತಿಗೆಗೆ ಬೀಳದಂತೆ ಮಾಡುವುದರಲ್ಲಿ ನ್ಯಾಯವಿದೆ. ಆದರೆ ಅದು ಎಲ್ಲರನ್ನೂ ಉಳಿಸಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಐವರಿ ಕೋಸ್ಟ್ ಪ್ರಾಂತ 2024ರ ಮೇ ಕೊನೆಯಲ್ಲಿ ಚರ್ಚು ಬಿಡಲು ಮತ ಹಾಕಿತು. ನೈಜೀರಿಯದಲ್ಲಿ ಬಿಷಪ್ಪರೇ ಹೊಸ ಪಂಗಡಕ್ಕೆ ಹೋದರು, ಉಳಿದವರಿಗೂ ಹೋದವರಿಗೂ ಕಟ್ಟಡಗಳಿಗಾಗಿ ಕಾದಾಟ ಶುರುವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತರಾಬ ರಾಜ್ಯದ ಒಂದು ಹಳ್ಳಿಯಲ್ಲಿ ಅದು ಸಾವಿನವರೆಗೂ ಹೋಯಿತು.

ಆ ದೇಶದಲ್ಲಿ ಸಲಿಂಗ ಮದುವೆಯಾದರೆ 2014ರ ಕಾನೂನಿನಂತೆ 14 ವರ್ಷ ಜೈಲು. ಅಲ್ಲಿ ಉಳಿದುಕೊಂಡ ಬಣ ತಾನು ಅಂಥ ಮದುವೆ ನಡೆಸುವುದಿಲ್ಲ, ಅಂಥವರಿಗೆ ದೀಕ್ಷೆ ಕೊಡುವುದಿಲ್ಲ ಎಂದು ಹೇಳುತ್ತಲೇ ಇದೆ. ಜಗಳವಾಡಿದ ಎರಡೂ ಕಡೆಯವರಿಗೆ ಈ ವಿಚಾರದಲ್ಲಿ ಭಿನ್ನಮತವೇ ಇರಲಿಲ್ಲ. ಪ್ರಾದೇಶೀಕರಣದ ಪ್ರಕಾರ ಬೆತ್ ಸ್ಟ್ರೌಡ್ ಅವರಂಥವರು ನೈಜೀರಿಯದಲ್ಲಿ ಹುಟ್ಟಿದರೆ ಅವರ ಅರ್ಜಿ ಪರಿಶೀಲಿಸಬೇಕಾದವರು ಉಳಿದುಕೊಂಡ ಈ ಬಣದವರೇ.